ಸರ್ಕಾರ ಹೆತ್ತ ತ್ರಿವಳಿ

ಸುಬೇದಾರರ ಬಲಗೆನ್ನೆಯ ಮೇಲೆ ಹುಣಸೆಬೀಜದಷ್ಟು ದೊಡ್ಡ ಜಡ್ಡೊಂದಿತ್ತು. ಪಲ್ಟನಿನಲ್ಲಿದ್ದಷ್ಟು ಕಾಲವೂ ಬಂದೂಕಿನ ಹಿಡಿಗೆ ಕೆನ್ನೆಯೊತ್ತಿ ಗುರಿ ಹಿಡಿದದ್ದರ ಗುರುತು ಅದು. ಯೋಚನೆಗೆ ಬಿದ್ದಾಗ ಹೆಬ್ಬೆರಳಿನಿಂದ ಅದನ್ನು ತೀಡುತ್ತಿದ್ದರು. ಮಾತು ಆಮೇಲೆ ಬರುತ್ತಿತ್ತು.

ಕೊಡಗು ಇನ್ನೂ ತಾನೇ ಒಂದು ರಾಜ್ಯವಾಗಿದ್ದ ದಿನಗಳು. ಸಿದ್ದಾಪುರದ ಹತ್ತಿರದ ಹಳ್ಳಿಯೊಂದಕ್ಕೆ ಮೇಷ್ಟರಾಗಿ ಹೋದ ನನಗೆ ಉಳಿಯಲು ಸಿಕ್ಕಿದ್ದು ಅವರ ಮನೆಯ ಹೊರಕೋಣೆ. ಬೆಳಗಾದರೆ ಕಿಟಕಿಯಾಚೆಯಿಂದ, "ಮಾಸ್ಟ್ರೇ, ಎದ್ದಿರಾ, ಇಲ್ಲಾ ಬಿಗಿಲ್ ಊದಿಸ್ಬೇಕಾ?" ಎನ್ನುವರು. ಹಿಂದೆಯೇ ಬೆಲ್ಲದ ಕಾಫಿ ಬರುತ್ತಿತ್ತು.

ಅವರ ಹುಟ್ಟುಹಬ್ಬ ಜನವರಿ ಒಂದು. ಗದ್ದೆಯಾಚೆಯ ಹವಾಲ್ದಾರರದ್ದೂ ಅದೇ ದಿನ. ಬರ್ಮಾದ ಕಾಡಿನಲ್ಲಿ ಯುದ್ಧದಲ್ಲಿ ತೀರಿಕೊಂಡ ಅವರಿಬ್ಬರ ಗೆಳೆಯನದ್ದೂ ಅದೇ ದಿನ. ಹೇಗೆಂದು ಕೇಳಿದರೆ ಸುಬೇದಾರರು ನಕ್ಕರು.

"ಮೂವರೂ ಒಟ್ಟಿಗೇ ಭರ್ತಿ ಆಗ್ಲಿಕ್ಕೆ ಹೋದದ್ದು. ಹುಟ್ಟಿದ್ದು ಯಾವಾಗ ಅಂತ ಕ್ಲಾರ್ಕ್ ಕೇಳಿದ. ನಾನು ನಾಟಿ ಸಮಯ ಅಂದೆ. ಹವಾಲ್ದಾರ ಹುತ್ತರಿ ಹಬ್ಬ ಕಳೆದು ಅಂದ. ಇನ್ನೊಬ್ಬ, ಅವ್ವನನ್ನು ಕೇಳ್ಬೇಕು ಅಂದ. ಕ್ಲಾರ್ಕಿಗೆ ತಲೆ ಕೆಟ್ಟು ಎಲ್ಲರಿಗೂ ಜನವರಿ ಒಂದು ಗೀಚಿದ. ಸರ್ಕಾರ ಹೆತ್ತ ತ್ರಿವಳಿ ನಾವು."

ಹಿಂದಿನ ಕಾಲದ ಇಬ್ಬರು ದೊಡ್ಡ ಸೇನಾಪತಿಗಳು ಒಂದೇ ತಾರೀಕಿನಲ್ಲಿ ಹುಟ್ಟಿದವರೆಂದು ನಾನೊಮ್ಮೆ ಪತ್ರಿಕೆಯಲ್ಲಿ ಓದಿ ಹೇಳಿದೆ. ಅವರು ಜಡ್ಡು ತೀಡಿಕೊಂಡರು. "ಅವರಿಗೂ ನಮ್ಮ ಕ್ಲಾರ್ಕೇ ಸಿಕ್ಕಿದ್ನೋ ಏನೋ."

ಪ್ರತಿ ಜನವರಿ ಒಂದಕ್ಕೆ ಇಬ್ಬರೂ ತೀರಿಕೊಂಡ ಗೆಳೆಯನ ಅವ್ವನ ಮನೆಗೆ ಹೋಗಿ, ಅಂಗಳದಲ್ಲಿ ಒಂದೇ ಒಂದು ಗುಂಡು ಹಾರಿಸುತ್ತಿದ್ದರು. ಗಂಡುಮಗು ಹುಟ್ಟಿದರೆ ಒಂದು ಗುಂಡು ಹಾರಿಸುವುದು ಕೊಡಗಿನ ಪದ್ಧತಿ. ಬೆನ್ನುಬೆನ್ನಿಗೆ ಎರಡು ಕೇಳಿದರೆ ಯಾರೋ ಸತ್ತರೆಂದು ಅರ್ಥ. ಊರೇ ಕೆಲಸ ಬಿಟ್ಟು ಹೊರಡುತ್ತದೆ. ಗುಂಡು ಹಾರಿದ ಮೇಲೆ ಕಡುಬು, ಹಂದಿ ಸಾರು. ಮಗನ ಹೆಸರಿನಲ್ಲಿ ಆ ಮುದುಕಿಯ ಒಲೆ ಹೊತ್ತುವ ದಿನ ಅದೊಂದೇ.

ನಾನು ಆ ಊರಿಗೆ ಬಂದ ವರ್ಷ, ಗದ್ದೆಗೆ ನೀರು ತಿರುಗಿಸುವ ವಿಷಯದಲ್ಲಿ ಜಗಳವಾಗಿ ಇಬ್ಬರ ನಡುವೆ ಮಾತು ನಿಂತಿತ್ತು. ಅವ್ವನಿಗೆ ಮಾತ್ರ ತಿಳಿಯದಂತೆ ನೋಡಿಕೊಂಡಿದ್ದರು.

"ಇವತ್ತು ಅವ ಹೋಗ್ಲಿ, ನಾನು ನಾಳೆ ಹೋಗ್ತೇನೆ," ಎಂದರು ಸುಬೇದಾರರು ಜನವರಿ ಒಂದರ ಬೆಳಿಗ್ಗೆ.

"ಅವ್ವ ಕೇಳೋದಿಲ್ವಾ?"

"ಜ್ವರ ಅಂತೇನೆ. ಆದ್ರೆ ಗುಂಡು ತಪ್ಪಿಸ್ಲಿಕ್ಕಿಲ್ಲ."

ತಮ್ಮ ಅಂಗಳದಲ್ಲೇ ನಿಂತು ಹಾರಿಸಿದರು. ಸದ್ದು ಗುಡ್ಡಕ್ಕೆ ಬಡಿದು ಮರಳುವ ಮೊದಲೇ ಗದ್ದೆಯಾಚೆಯಿಂದ ಇನ್ನೊಂದು ಕೇಳಿಸಿತು. ಹವಾಲ್ದಾರರೂ ಇದನ್ನೇ ಯೋಚಿಸಿ ಮನೆಯಲ್ಲೇ ಉಳಿದಿದ್ದರು.

ಸುಬೇದಾರರ ಮುಖ ಬಿಳುಚಿತು. "ಎರಡಾಯ್ತಲ್ಲ ಮಾಸ್ಟ್ರೇ. ಅವ್ವ ಎಂತ ತಿಳ್ಕೊಂಡಾಳು?"

ಬರಿಗಾಲಲ್ಲೇ ಗದ್ದೆಯ ಬದುವಿನ ಮೇಲೆ ಓಡಿದರು. ನಾನೂ ಹಿಂದೆ ಓಡಿದೆ. ಆ ಕಡೆಯಿಂದ ಹವಾಲ್ದಾರರು ಏದುಸಿರು ಬಿಡುತ್ತ ಬಂದರು. ಇಬ್ಬರೂ ಒಟ್ಟಿಗೇ ಅಂಗಳಕ್ಕೆ ಕಾಲಿಟ್ಟರು.

ಅವ್ವ ಜಗಲಿಯ ಕಂಬ ಹಿಡಿದು ನಿಂತಿದ್ದರು. ಮಗನ ಸುದ್ದಿ ಬಂದಾಗ ಅದೇ ಅಂಗಳದಲ್ಲಿ ಜೋಡಿ ಗುಂಡು ಹಾರಿತ್ತಂತೆ. ಒಬ್ಬರನ್ನು ನೋಡಿದರು, ಇನ್ನೊಬ್ಬರನ್ನು ನೋಡಿದರು.

"ನಿಮ್ಮಿಬ್ಬರಲ್ಲಿ ಯಾರು ಹೋದದ್ದು ಅಂತ ಎಣಿಸ್ತಾ ನಿಂತಿದ್ದೆ."

"ತಪ್ಪಾಯ್ತು ಅವ್ವಾ," ಎಂದರು ಹವಾಲ್ದಾರರು.

"ತಪ್ಪು ಆಮೇಲೆ. ಕೈಕಾಲು ತೊಳ್ಕೊಳ್ಳಿ, ಕಡುಬು ಆರ್ತದೆ."

ಅಷ್ಟರಲ್ಲಿ, ಆ ದಿನದ ಗುಂಡು ಎಂದಿನಂತೆ ಅವ್ವನ ಅಂಗಳದ್ದೇ ಎಂದುಕೊಂಡು, ಬಿಳಿ ಬಟ್ಟೆ ಉಟ್ಟು, ಮುಖ ಇಳಿಬಿಟ್ಟುಕೊಂಡು ಊರವರು ಬರತೊಡಗಿದರು. "ಯಾರು ಸತ್ತದ್ದು?" ಎಂದು ಒಬ್ಬ ಮೆಲ್ಲಗೆ ಕೇಳಿದ.

"ಇನ್ನೂ ತೀರ್ಮಾನ ಆಗ್ಲಿಲ್ಲ," ಎಂದರು ಸುಬೇದಾರರು. "ಕೂತ್ಕೊಳ್ಳಿ, ಕಾಫಿ ಕುಡೀರಿ."

ಮೊದಲು ನಕ್ಕದ್ದು ಹವಾಲ್ದಾರರು. ನೀರಿನ ಜಗಳವೇನೂ ಮುಗಿಯಲಿಲ್ಲ. ಆದರೆ ಅಂದಿನಿಂದ ಜಗಳವಾಡುವುದಕ್ಕೆಂದೇ ದಿನವೂ ಭೇಟಿಯಾಗುತ್ತಿದ್ದರು.

ಸುಬೇದಾರರು ತೀರಿಕೊಂಡಾಗ ನನಗೆ ಬೇರೆ ಊರಿಗೆ ವರ್ಗವಾಗಿತ್ತು. ಸುದ್ದಿ ತಿಳಿದು ಹೋದೆ. ಸಮಾಧಿಯ ಕಲ್ಲಿನ ಮೇಲೆ ಕೆತ್ತಲು ಎರಡು ಸಾಲು ಬರೆದುಕೊಡಿ ಎಂದು ಮನೆಯವರು ನನಗೇ ಹೇಳಿದರು. ಹುಟ್ಟಿದ ದಿನದ ಬಳಿ ನನ್ನ ಕೈ ನಿಂತಿತು. ಅವರ ಅಕ್ಕ ಪಕ್ಕದಲ್ಲೇ ಕೂತು, ತಮ್ಮ ಹುಟ್ಟಿದ್ದು ನಾಟಿ ಮುಗಿದ ಮಾರನೆಯ ದಿನ, ತನಗೆ ಚೆನ್ನಾಗಿ ನೆನಪುಂಟು ಎಂದು ಹೇಳುತ್ತಿದ್ದರು.

ಹವಾಲ್ದಾರರು ಗೋಡೆಗೆ ಒರಗಿ ಕೂತಿದ್ದರು. "ಅದು ಅಕ್ಕನಿಗೆ ತಮ್ಮ ಹುಟ್ಟಿದ ದಿನ," ಎಂದರು. "ನಮಗೆ ಅವ ಸಿಕ್ಕಿದ್ದು ಜನವರಿ ಒಂದಕ್ಕೆ."

ಅಕ್ಕ ನನ್ನ ಕಡೆ ತಿರುಗಿ, "ಜನವರಿ ಒಂದು ಅಂತ್ಲೇ ಬರೀರಿ," ಎಂದರು.