ಬಲೆಯ ಎರಡು ತುಂಡು

ನನ್ನ ತಮ್ಮ ಕರಾವಳಿಯ ನಮ್ಮೂರು ಮಂಕಿಯಲ್ಲಿ ಮೀನುದೋಣಿಗೆ ಹೋಗುವವನು. ಮೂಗಿನ ತುದಿಯಲ್ಲೇ ಸಿಟ್ಟು. ದೋಣಿಯ ಯಜಮಾನನಿಗೆ ಎದುರು ಮಾತಾಡಿದ ಮರುದಿನವೇ ಹೊಸ ನೈಲಾನ್ ಬಲೆಯಲ್ಲಿ ಆಳುದ್ದದ ತೂತು. ಕಲ್ಲಿಗೆ ಸಿಕ್ಕಿ ಹರಿಯಿತೆಂದು ತಮ್ಮ. ಬೇಕೆಂದೇ ಕತ್ತಿಯಲ್ಲಿ ಕೊಯ್ದನೆಂದು ಯಜಮಾನ. ಕೊಯ್ದದ್ದೇ ಹೌದಾದರೆ ಹೊನ್ನಾವರದಿಂದ ಭಟ್ಕಳದವರೆಗೆ ಯಾವ ದೋಣಿಯೂ ಅವನನ್ನು ಹತ್ತಿಸಿಕೊಳ್ಳುವುದಿಲ್ಲ.

ನಾನು ಕಾಲೇಜೊಂದರ ಪ್ರಯೋಗಾಲಯದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ನಡೆಸುವವಳು. ಕೊಯ್ದ ಎಳೆಯ ತುದಿ ಅದರಲ್ಲಿ ಚಪ್ಪಟೆಯಾಗಿ ಕಾಣುತ್ತದೆ. ಎಳೆದು ಹರಿದದ್ದು ಜಗ್ಗಿ, ಅಣಬೆಯ ಹಾಗೆ ಉಬ್ಬಿರುತ್ತದೆ. ತೂತಿನ ಅಂಚಿನದೊಂದು ತುಂಡು ಕಳಿಸಿ, ನೋಡುತ್ತೇನೆ ಎಂದೆ. ಯಜಮಾನ ಒಪ್ಪಿದ. ಬಲೆ ರಿಪೇರಿ ಮಾಡುವವನು ನಮ್ಮ ಅಪ್ಪನೇ, ತುಂಡು ಕಳಿಸಿದ್ದೂ ಅವನೇ. ಯಂತ್ರಕ್ಕಿಡುವ ಮೊದಲು ಚಿನ್ನ ಲೇಪಿಸಬೇಕು ಎಂದರೆ ಅವನಿಗೆ ಅನುಮಾನ.

"ಹರಕು ಬಲೆಗೆ ಚಿನ್ನ? ಯಾರ ಮನೆ ಚಿನ್ನ?"

ಪರದೆಯ ಮೇಲೆ ಒಂದೊಂದೇ ತುದಿ ನೋಡಿದೆ. ಎಲ್ಲವೂ ಚಪ್ಪಟೆ. ಮೈಯೆಲ್ಲ ಉರಿಯಿತು. ಹಾಳಾದವನು ನನ್ನ ಹತ್ತಿರವೂ ಸುಳ್ಳು ಹೇಳಿದನಲ್ಲ. ರಜೆ ಹಾಕಿ ಊರಿಗೆ ಹೋಗಿ ಅಂಗಳದಲ್ಲೇ ಕೇಳಿದೆ, "ಕತ್ತಿ ಹಾಕಿದ್ಯಾ ಇಲ್ವಾ?"

ತಮ್ಮ ಬಾಯಿ ತೆರೆಯುವ ಮೊದಲೇ, ಅಲ್ಲೇ ಕೂತು ಬೇರೊಂದು ಬಲೆ ಹೊಲಿಯುತ್ತಿದ್ದ ಅಪ್ಪ ತಲೆ ಎತ್ತಿದ. "ಕತ್ತಿ ಹಾಕಿದ್ದು ನಾನು. ಅಂಚು ಸವರದೆ ಹೊರಗಿನೋರ ಕೈಗೆ ಹರಕು ಕೊಡೂಕೆ ಆತದಾ?"

ಹೊಲಿಯುವ ಮೊದಲು ತೂತಿನ ಹರಕು ಅಂಚನ್ನು ಕತ್ತಿಯಲ್ಲಿ ಕೊಯ್ದು ಸವರುವುದು ಬಲೆಯವರ ಪದ್ಧತಿ, ಹೌದು. ಆದರೆ ಸವರಿದ ಚೂರು ಒಲೆಗೆ ಹೋಗಿತ್ತು, ತೂತನ್ನೂ ಹೊಲಿದಾಗಿತ್ತು. ಮಗನನ್ನು ಉಳಿಸಲು ಹೇಳುತ್ತಿದ್ದಾನೆ ಎಂದುಕೊಂಡೆ.

ಯಜಮಾನನಿಗೆ ಇದ್ದದ್ದನ್ನು ಇದ್ದಂತೆ ಹೇಳಿದೆ. ಅವನು ದೋಣಿಯ ಪೆಟ್ಟಿಗೆಯಿಂದ ಪ್ಲಾಸ್ಟಿಕ್ ಕೊಟ್ಟೆಯೊಂದನ್ನು ತೆಗೆದ. ಒಳಗೆ ಬಲೆಯ ಇನ್ನೊಂದು ತುಂಡು.

"ನಿನ್ನಪ್ಪ ಸವರ್ತಾನೆ ಅಂತ ಗೊತ್ತಿತ್ತು. ಬಲೆ ನಿಮ್ಮನೆಗೆ ಕೊಡೂ ಮೊದಲೇ ತೆಗೆದಿಟ್ಟೆ. ಕೆಂಪು ದಾರ ಕಟ್ಟಿದ ಬದಿ ನಾ ಕತ್ತರಿಸಿದ್ದು, ಇನ್ನೊಂದು ಬದಿ ತೂತಿನ ಅಂಚು."

"ಮೊದಲೇ ಎಂತಕ್ಕೆ ಕೊಡ್ಲಿಲ್ಲ?"

"ನೀ ಎಂತ ಹೇಳ್ತೆ ನೋಡ್ವಾ ಅಂತ."

ಪ್ರಯೋಗಾಲಯಕ್ಕೆ ಒಯ್ದು ನೋಡಿದರೆ, ಕೆಂಪು ದಾರವಿಲ್ಲದ ಬದಿಯಲ್ಲಿ ಪ್ರತಿ ಎಳೆಯೂ ಜಗ್ಗಿ ಹರಿದಿತ್ತು. ಎರಡು ತುಂಡಿನ ಫೋಟೋಗಳನ್ನೂ ಪಕ್ಕಪಕ್ಕ ಇಟ್ಟು ಯಜಮಾನ ಬಹಳ ಹೊತ್ತು ನೋಡಿದ. "ಆತು. ನಾಳೆಯಿಂದ ಬರೂಕೆ ಹೇಳು," ಎಂದ.

ದೋಣಿ ಹತ್ತುವ ಮೊದಲು ತಮ್ಮ ಕೇಳಿದ, "ಅವ ಹೊರಗಿನವ, ಅನುಮಾನ ಪಟ್ಟ. ನೀ ಎಂತಕ್ಕೆ?"

ಈಗ ನಾನು ಊರಿಗೆ ಹೋದರೆ ಒಳ್ಳೆಯ ಮೀನನ್ನೇ ತರುತ್ತಾನೆ. ನನ್ನ ಕೈಗೆ ಕೊಡುವುದಿಲ್ಲ, ಅಪ್ಪನ ಮುಂದೆ ಇಟ್ಟು ಹೋಗುತ್ತಾನೆ.