ಒಣಗಿದ ಸದ್ದು

ಮೆಕ್ಕೆಜೋಳದ ಒಣ ಸಿಪ್ಪೆಯನ್ನು ಗಾಳಿಯಾಡದ ಕಬ್ಬಿಣದ ಒಲೆಯಲ್ಲಿ ಕಾಯಿಸಿ, ಕಲ್ಲಿದ್ದಲಿನ ಬದಲು ಉರಿಸುವ ಎಣ್ಣೆ ತೆಗೆಯುವ ಕಾರ್ಖಾನೆ ಅದು. ಸಿಪ್ಪೆ ಒಣಗಿಸುವುದು ಅವಳ ಕೆಲಸ. ಒಂದು ಹಿಡಿ ಹಿಸುಕಿ ಕಿವಿಗೆ ಹಿಡಿಯುತ್ತಾಳೆ. ಗರಗರ ಎಂದರೆ ಒಲೆಗೆ, ಇಲ್ಲದಿದ್ದರೆ ಮತ್ತೆ ಬಿಸಿಲಿಗೆ. ಹಸಿಯದು ಒಳಗೆ ಹೋದರೆ ಎಣ್ಣೆಯೆಲ್ಲ ನೀರುನೀರು.

ಅವತ್ತು ಕೊನೆಯ ರಾಶಿ ಸದ್ದು ಮಾಡಲಿಲ್ಲ. ಮತ್ತೆ ಹರಡುತ್ತ ತಡವಾದರೆ ಮಗಳು ಹಾಲಿಲ್ಲದೆ ಅಳುತ್ತಲೇ ಮಲಗಿಬಿಡುತ್ತಾಳೆ.

"ಹಾಕಿಬಿಡೋಣ ಅಕ್ಕ, ಯಾರಿಗೆ ಗೊತ್ತಾಗುತ್ತೆ?" ಎಂದ ಒಲೆಯವನು.

"ಎಣ್ಣೆಗೆ ಗೊತ್ತಾಗುತ್ತಲ್ಲಪ್ಪ," ಎಂದವಳು ರಾಶಿಯನ್ನೆಲ್ಲ ಮತ್ತೆ ಹರಡಿಯೇ ಹೊರಟಳು.

ಮನೆಯಲ್ಲಿ ಮಗಳು ಅತ್ತೆಯ ತೊಡೆಯ ಮೇಲೆ ಇನ್ನೂ ಎಚ್ಚರವಾಗಿದ್ದಳು. ಹಾಲೂಡಿಸುತ್ತಲೇ ಅವಳು ಹಗ್ಗದ ಮೇಲಿನ ಮಗುವಿನ ಬಟ್ಟೆ ಎಳೆದು, ಹಿಸುಕಿ ಕಿವಿಗೆ ಹಿಡಿದಳು.

"ಅದರಿಂದಲೂ ಎಣ್ಣೆ ತೆಗೀತೀಯೇನೇ?" ಎಂದರು ಅತ್ತೆ.