ಪ್ರಕಾಶನ ಮನೆಯ ಸಮುದ್ರ

ಮಗಳ ಕಂಪ್ಯೂಟರಿಗೆಂದು ತಂದ ಗ್ರಾಫಿಕ್ಸ್ ಕಾರ್ಡಿನ ಡಬ್ಬಿ ಬಿಚ್ಚಿದೆ. ಹೊಸ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಹಳೆಯ ಹೊಟ್ಟೆಕಿಚ್ಚು ಎದ್ದು ಕೂತಿತು.

ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪ ನನ್ನನ್ನು ನಮ್ಮೂರು ತದಡಿಯಿಂದ ಕುಮಟಾಕ್ಕೆ, ಕಂಪ್ಯೂಟರ್ ಜೋಡಿಸಿಕೊಡುವ ಅಂಗಡಿಗೆ ಕರೆದೊಯ್ದ. ಅಪ್ಪನದು ಮೀನಿನ ಬೋಟು. ಒಂದೊಂದು ಭಾಗವನ್ನೂ ಕೈಯಲ್ಲಿ ತೂಗಿ ನೋಡಿದ. ಭಾರವಿದ್ದದ್ದೇ ಗಟ್ಟಿ ಎಂಬುದು ಅವನ ಲೆಕ್ಕ. ಪ್ರೊಸೆಸರ್ ಎಂದರೆ ಇಂಜಿನ್ ಇದ್ದಂತೆ ಎಂದು ಅಂಗಡಿಯವ ಹೇಳಿದ್ದೇ, ದುಡ್ಡೆಲ್ಲ ಅದಕ್ಕೇ ಹೋಯಿತು. ಗ್ರಾಫಿಕ್ಸ್ ಕಾರ್ಡ್ ಇರುವುದು ಚಿತ್ರ ಚಂದ ಕಾಣಿಸಲು ಎಂದಾಗ ಅಪ್ಪ ಬೇಡವೆಂದ.

"ಇಂಜಿನ್ ಗಟ್ಟಿ ಇದ್ರೆ ಆತು. ಬಣ್ಣ ಕಂಡು ಮೀನು ಬತ್ತದ್ಯ?"

ಕಾರ್ಡಿಲ್ಲದೆ, ನಾನು ಆಸೆಪಟ್ಟಿದ್ದ ದೋಣಿ ಓಡಿಸುವ ಆಟ ನಮ್ಮ ಮನೆಯಲ್ಲಿ ತೆರೆಯಲೇ ಇಲ್ಲ. ಮಾಸ್ತರ ಮಗ ಪ್ರಕಾಶನ ಕಂಪ್ಯೂಟರಿನಲ್ಲಿ ಮಾತ್ರ ಭಟ್ಕಳದ ಫಾರಿನ್ ಮಾಲಿನ ಪೇಟೆಯಿಂದ ತಂದ ಕಾರ್ಡಿತ್ತು. ಅವನ ಪರದೆಯ ಮೇಲೆ ಅಲೆಗಳು ಫಳಫಳ ಹೊಳೆಯುತ್ತಿದ್ದವು. ಈಜು ಬಾರದ, ಮೊಣಕಾಲುದ್ದ ನೀರಿಗೂ ಇಳಿಯದ ಅವನು ದೋಣಿ ಓಡಿಸುತ್ತಿದ್ದ. ಬೋಟಿರುವ ಮನೆಯ ನಾನು ಅವನ ಬೆನ್ನ ಹಿಂದೆ ನಿಂತು ಕುದಿಯುತ್ತಿದ್ದೆ.

"ನೀನೂ ಆಡ್ತ್ಯ?" ಎಂದು ಅವನು ಕೇಳಿದರೆ, "ನಂಗೆಂತಕೆ? ನಮ್ಮನೇಲಿ ಖರೇ ಬೋಟೇ ಅದೆ" ಎನ್ನುತ್ತಿದ್ದೆ.

ಇವತ್ತು ಕಾರ್ಡ್ ಕೂರಿಸಿ, ಅದೇ ದೋಣಿ ಆಟ ತೆರೆದು, ಪರದೆಯ ಮೇಲೆ ಹೊಳೆವ ಅಲೆಗಳ ಫೋಟೋ ತೆಗೆದು ಮೊದಲು ಕಳಿಸಿದ್ದು ಪ್ರಕಾಶನಿಗೆ. ಕೂಡಲೇ ಉತ್ತರ ಬಂತು.

"ಚಲೋ ಅದೆ ಮಾರಾಯ. ಆದ್ರೂ ನಿಮ್ಮಪ್ಪ ನನ್ನ ಒಂದಿನಾನೂ ಬೋಟಿಗೆ ಹತ್ತಿಸ್ಕಳ್ಳಲೇ ಇಲ್ಲ."